ಕ್ಯಾಲೆಂಡರಿನ ಬೆನ್ನ ಮೇಲಿನ ಲೆಕ್ಕ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಚಪ್ಪಲಿ ಡಬ್ಬಿಯಿದೆ. ಚಪ್ಪಲಿ ಸವೆದು ಹೋಗಿ ಮೂವತ್ತು ವರ್ಷಗಳ ಮೇಲಾಯಿತು, ಡಬ್ಬಿ ಮಾತ್ರ ಉಳಿದಿದೆ. ಅದರ ತುಂಬ ಔಷಧಿ ಅಂಗಡಿಯ ಚೀಟಿಗಳು, ಎಕ್ಸ್‌ರೇ ರಸೀತಿಗಳು, ಆಸ್ಪತ್ರೆಯ ಡಿಸ್‌ಚಾರ್ಜ್ ಕಾರ್ಡು. ದೀಪಾವಳಿಗೆ ಅಟ್ಟ ಗುಡಿಸುವಾಗಲೆಲ್ಲ ಮಗಳು "ಅಮ್ಮಾ, ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ, ಒಲೆಗೆ ಹಾಕು" ಎನ್ನುತ್ತಾಳೆ. ಈಗ ಯಾರ ಮನೆಯಲ್ಲಿ ಒಲೆ ಇದೆ? ಹಾಗಾಗಿ ಡಬ್ಬಿ ಉಳಿದುಕೊಂಡಿತು ಎಂದು ನಗುತ್ತೇನೆ. ಆದರೆ ನಿಜವಾದ ಕಾರಣ ಅದಲ್ಲ.

1992ರ ಮೇ ತಿಂಗಳು. ನಾದಿನಿಯ ಮಗಳ ಮದುವೆಗೆಂದು ಶಿವಮೊಗ್ಗದಿಂದ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಐದು ಜನ ಹೊರಟಿದ್ದೆವು. ನಮ್ಮ ಜಿಲ್ಲೆ ದಾಟಿ ಒಂದಷ್ಟು ದೂರ ಹೋಗಿರಬೇಕು, ಬಸ್ಸೊಂದನ್ನು ಹಿಂದೆ ಹಾಕಲು ಹೊರಟ ಲಾರಿ ನಮ್ಮ ಕಡೆಗೇ ಬಂತು. ನನಗೆ ನೆನಪಿರುವುದು ಮಡಿಲಲ್ಲಿದ್ದ ಕಾಯಿ-ಕುಪ್ಪಸದ ಚೀಲದಿಂದ ತೆಂಗಿನಕಾಯಿ ಉರುಳಿ ಹೋದದ್ದು. ಉಳಿದವರಿಗೆ ತರಚು ಗಾಯ. ನನ್ನ ಎಡ ತೊಡೆಯ ಮೂಳೆ ಎರಡು ತುಂಡಾಗಿತ್ತು.

ಹಿಂದೆ ಬರುತ್ತಿದ್ದ ತರಕಾರಿ ಟೆಂಪೋದವನು ಮೂಟೆಗಳನ್ನು ಸರಿಸಿ ನನ್ನನ್ನು ಮಲಗಿಸಿಕೊಂಡ. ಮೊದಲು ಹೋದದ್ದು ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮಿಗೆ. ಬಾಗಿಲಲ್ಲೇ ನಿಂತು ನೋಡಿದವರು, "ಇದು ಪೊಲೀಸ್ ಕೇಸು, ನಾವು ಮುಟ್ಟೋ ಹಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು. ಟೆಂಪೋ ಮತ್ತೆ ಹೊರಟಿತು. ಆ ರಸ್ತೆಯ ಒಂದೊಂದು ಗುಂಡಿಯೂ ನನಗೆ ಇವತ್ತಿಗೂ ಗೊತ್ತು.

ನಾವು ಯಾರೂ ತಿಳಿಯದಿದ್ದ ಸಂಗತಿಯೆಂದರೆ, ಅವರು ಹಾಗೆ ಹೇಳುವಂತೆಯೇ ಇರಲಿಲ್ಲ. ಅದಕ್ಕೆ ಮೂರು ವರ್ಷ ಮುಂಚೆ, 1989ರ ಆಗಸ್ಟಿನಲ್ಲಿ, ಪರಮಾನಂದ ಕಟಾರ ಎಂಬವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಸ್ಕೂಟರಿನವನೊಬ್ಬನಿಗೆ ಕಾರು ಡಿಕ್ಕಿ ಹೊಡೆದು, ಹತ್ತಿರದ ಆಸ್ಪತ್ರೆಗೆ ಒಯ್ದಾಗ ಅಲ್ಲಿಯವರು, ಇಂಥ ಕೇಸು ನೋಡಲು ನಮಗೆ ಅಧಿಕಾರವಿಲ್ಲವೆಂದು ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು, ಆತ ದಾರಿಯಲ್ಲೇ ತೀರಿಕೊಂಡ ಎಂಬ ಪತ್ರಿಕಾ ವರದಿಯೇ ಆ ಅರ್ಜಿಯ ಮೂಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯನಾದವನು ಮೊದಲು ಜೀವ ಉಳಿಸಬೇಕು, ಪೊಲೀಸರ ಕಾಗದಪತ್ರ ಆಮೇಲೆ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿತ್ತು. ದೆಹಲಿಯ ಮಾತು ನಮ್ಮ ಕಡೆಯ ನರ್ಸಿಂಗ್ ಹೋಮಿನ ಬಾಗಿಲಿಗೆ ಮೂರು ವರ್ಷವಾದರೂ ತಲುಪಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದರು. ಸರಳು ಹಾಕುವ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೇ ಹೋಗಬೇಕಾಯಿತು. ಅಲ್ಲಿ ಮೊದಲು ಕೇಳಿದ್ದು ಮುಂಗಡ ಐದು ಸಾವಿರ. ನಮ್ಮವರು ಹೈಸ್ಕೂಲು ಮೇಷ್ಟ್ರು. ಮೇ ತಿಂಗಳ ರಜೆ, ಕೈಯಲ್ಲಿದ್ದುದು ಮದುವೆಗೆ ಮುಯ್ಯಿ ಮಾಡಲು ಇಟ್ಟುಕೊಂಡ ಇನ್ನೂರ ಐವತ್ತು ರೂಪಾಯಿ. ಮಂಚದ ಮೇಲೆ ಮಲಗಿದ್ದ ನನ್ನ ಕೈಗಳಿಂದ ನಾಲ್ಕು ಚಿನ್ನದ ಬಳೆಗಳನ್ನು ಸೋಪುನೀರು ಹಚ್ಚಿ ತೆಗೆದವರು ನಮ್ಮ ಅತ್ತೆ. ತೆಗೆಯುವಾಗ ಒಂದು ಮಾತೂ ಆಡಲಿಲ್ಲ. ತೆಗೆದ ಮೇಲೆ ತಮ್ಮ ಕೈಯ ಎರಡು ಹಸಿರು ಗಾಜಿನ ಬಳೆಗಳನ್ನು ನನಗೆ ತೊಡಿಸಿದರು. ಚಿನ್ನ ಗಿರವಿ ಅಂಗಡಿಗೆ ಹೋಯಿತು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ.

"ಇನ್ಶೂರೆನ್ಸ್ ಇರುತ್ತಲ್ಲ, ಅವರು ಕೊಡ್ತಾರೆ ಬಿಡಿ" ಎಂದು ನೋಡಲು ಬಂದವರೆಲ್ಲ ಹೇಳಿದರು. ನಾನೂ ನಂಬಿದ್ದೆ. ವಿಮಾ ಕಂಪನಿಯವರು ಆಸ್ಪತ್ರೆಗೇ ಬಂದು ಬಿಲ್ಲು ಕಟ್ಟಿ ಹೋಗುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲವೆಂದು ತಿಳಿದದ್ದು ಒಬ್ಬ ವಕೀಲರ ಗುಮಾಸ್ತರಿಂದ. ನಾನು ಊರುಗೋಲಿನಲ್ಲಿ ನಡೆಯಲು ಕಲಿಯುತ್ತಿದ್ದ ಕಾಲ, ನವರಾತ್ರಿ ಕಳೆದಿತ್ತು. ನಮ್ಮವರ ಹಳೆಯ ಶಿಷ್ಯರಾದ ಅವರು ಮೇಷ್ಟ್ರ ಮನೆಗೆಂದು ಬಂದವರು, "ಅಮ್ಮಾ, ಕೇಸು ಹಾಕಿದ್ರಾ? ಆರು ತಿಂಗಳು ದಾಟಿದ್ರೆ ಕಷ್ಟ" ಎಂದರು. ಆಗಲೇ ಐದು ತಿಂಗಳು ಕಳೆದಿತ್ತು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ಹೇಳಿ ಕೇಳಿಕೊಳ್ಳಬಹುದು, ಆದರೆ ಹನ್ನೆರಡು ತಿಂಗಳು ದಾಟಿದರೆ ಅದೂ ಇಲ್ಲ. ತೊಡೆ ಮುರಿದುಕೊಂಡು ಮಲಗಿದವಳಿಗೆ ಆರು ತಿಂಗಳು ಎಷ್ಟರ ಮಾತು, ನೀವೇ ಹೇಳಿ. ಅದೂ ಅಪಘಾತವಾದ ಜಾಗದ ಕೋರ್ಟಿನಲ್ಲೇ ಹಾಕಬೇಕು. ಹಾಗಾಗಿ ಪ್ರತಿ ವಾಯಿದೆಗೂ ಪಕ್ಕದ ಜಿಲ್ಲೆಗೆ ಬಸ್ಸು ಹಿಡಿಯಬೇಕಾಯಿತು, ಊರುಗೋಲು ಸೀಟಿನ ಕೆಳಗೆ, ಬುತ್ತಿ ಮಡಿಲಲ್ಲಿ.

ಕೋರ್ಟಿನ ಜಗಲಿಯಲ್ಲಿ ಹೊತ್ತು ಕಳೆಯುವುದು ದೊಡ್ಡ ಕೆಲಸ. ನಮ್ಮ ವಕೀಲರು ವಯಸ್ಸಾದವರು, ಮಾತುಗಾರರು. ಕೇಸು ಕೂಗುವವರೆಗೆ ನನಗೆ ಈ ಕಾನೂನಿನ ಕಥೆಯನ್ನೆಲ್ಲ ಪುರಾಣದಂತೆ ಹೇಳುತ್ತಿದ್ದರು. ಮನೆಯಲ್ಲಿ ಕುಳಿತಾಗ ನಾನೂ ಲೈಬ್ರರಿಯಿಂದ ತರಿಸಿಕೊಂಡು ಓದಿದೆ. ಎಲ್ಲ ಅರ್ಥವಾಯಿತೆಂದು ಹೇಳಲಾರೆ.

ನಮ್ಮ ದೇಶದಲ್ಲಿ ಮೊದಲ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಇಂಗ್ಲೆಂಡಿನ ಮಾದರಿಯಲ್ಲಿ ಒಂದು ಕಾಯ್ದೆ ಬಂತು. ಇನ್ನೊಬ್ಬರ ತಪ್ಪಿನಿಂದ ಸತ್ತವರ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ಪರಿಹಾರ ಕೇಳಬಹುದು ಎಂದು. ಸಾಯದೆ ಕೈಕಾಲು ಮುರಿದುಕೊಂಡವರು ಏನು ಮಾಡಬೇಕು? ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು, ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು, ಗುದ್ದಿದವನ ತಪ್ಪನ್ನು ರುಜುವಾತು ಮಾಡಬೇಕು. ಇಷ್ಟೆಲ್ಲ ಮಾಡಿ ಗೆದ್ದರೂ ಡ್ರೈವರನ ಹತ್ತಿರ ಏನಿರುತ್ತದೆ, ಹರಿದ ಬನಿಯನ್ನು! ಅದಕ್ಕಾಗಿಯೇ ವಾಹನಕ್ಕೆ ವಿಮೆ ಕಡ್ಡಾಯವಾಗಬೇಕು ಎಂಬ ಯೋಚನೆ ಬಂದದ್ದು. ಇಂಗ್ಲೆಂಡಿನಲ್ಲಿ 1930ರಲ್ಲೇ ಆ ಕಾನೂನು ಆಯಿತು. ಇಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೊಂದು ಅಧ್ಯಾಯ ಸೇರಿಸಿದರು, ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ಏಳು ವರ್ಷ ಪುಸ್ತಕದಲ್ಲೇ ಮಲಗಿತ್ತು. ವಾಹನದ ಮಾಲೀಕ ತನಗಾಗಿ ಅಲ್ಲ, ದಾರಿಯಲ್ಲಿ ಸಿಕ್ಕ ಮೂರನೆಯವರಿಗಾಗಿ ಮಾಡಿಸಬೇಕಾದ ವಿಮೆ ಅದು. ನಾವು ಇವತ್ತು ಸ್ಕೂಟಿಗೆ ಕಟ್ಟುವ 'ಥರ್ಡ್ ಪಾರ್ಟಿ' ಕಂತಿನ ಅಜ್ಜಿ ಎನ್ನಿ.

ಕನ್ನಡನಾಡು ಒಂದಾದ 1956ರಲ್ಲೇ ಇನ್ನೊಂದು ತಿದ್ದುಪಡಿಯಾಗಿ, ಅಪಘಾತದ ಪರಿಹಾರಕ್ಕೆಂದೇ ಬೇರೆ ನ್ಯಾಯಮಂಡಳಿಗಳನ್ನು ಮಾಡಲು ರಾಜ್ಯಗಳಿಗೆ ಅಧಿಕಾರ ಸಿಕ್ಕಿತು. ದಾವೆಯ ಬದಲು ಅರ್ಜಿ ಹಾಕಿದರಾಯಿತು. ಜಿಲ್ಲಾ ಕೋರ್ಟಿನ ನ್ಯಾಯಾಧೀಶರೇ ಆ ಕುರ್ಚಿಯಲ್ಲೂ ಕೂರುವುದರಿಂದ ನಮ್ಮಂಥವರ ಕಣ್ಣಿಗೆ ಎಲ್ಲ ಒಂದೇ ಕೋರ್ಟು. ಆದರೂ ಕೋರ್ಟ್ ಫೀ ಕಾಟ ಎಲ್ಲ ಕಡೆ ತಪ್ಪಲಿಲ್ಲ. ಹರಿಯಾಣದಲ್ಲಿ ಬಸ್ಸು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಬಡ ವಿಧವೆಯೊಬ್ಬಳು ಮತ್ತು ಅವಳ ಮಗಳು ಫೀ ಕಟ್ಟಲಾಗದೆ ವಿನಾಯಿತಿ ಕೇಳಿದರೆ, ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದುಕೊಂಡು ಹೋಗಿತ್ತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸರ್ಕಾರಕ್ಕೆ ಚೆನ್ನಾಗಿ ಮಾತು ಕೇಳಿಸಿದರಂತೆ. ನಮ್ಮ ವಕೀಲರು ಈ ಕಥೆ ಹೇಳುವಾಗ ತಮ್ಮ ಕರಿಕೋಟು ಸರಿಮಾಡಿಕೊಳ್ಳುತ್ತಿದ್ದರು, ಆ ಕೇಸು ತಾವೇ ಗೆದ್ದಂತೆ.

ನನಗೆ ಬೇಕಾಗಿದ್ದುದು ಮಾತ್ರ ಒಂದೇ ಪ್ರಶ್ನೆಗೆ ಉತ್ತರ. ದುಡ್ಡು ಯಾವಾಗ ಬರುತ್ತದೆ? ಬಿಲ್ಲು ಇವತ್ತಿನದು, ಪರಿಹಾರ ಮೂರು ವರ್ಷ ಆಮೇಲಿನದು. ನಡುವಿನ ಮೂರು ವರ್ಷ ಯಾರ ತಲೆಯ ಮೇಲೆ? ಈ ಪ್ರಶ್ನೆ ಕಾನೂನು ಮಾಡುವವರಿಗೂ ಹೊಳೆದದ್ದು 1982ರಲ್ಲಿ. ತಪ್ಪು ಯಾರದೇ ಇರಲಿ, ಸತ್ತವರ ಮನೆಯವರಿಗೆ 15,000 ರೂಪಾಯಿ, ಶಾಶ್ವತ ಊನವಾದವರಿಗೆ 7,500 ರೂಪಾಯಿ ಮೊದಲೇ ಕೊಟ್ಟುಬಿಡಿ, ಉಳಿದ ವಾದ ಆಮೇಲೆ ಎಂಬ ನಿಯಮ ಆಗ ಬಂತು. 1988ರ ಕಾಯ್ದೆಯಲ್ಲಿ ಅದು 25,000 ಮತ್ತು 12,000 ಆಯಿತು. ನನ್ನ ಎಡಗಾಲು ಅರ್ಧ ಅಂಗುಲ ಗಿಡ್ಡವಾಗಿಯೇ ಕೂಡಿಕೊಂಡಿತ್ತು. ಡಾಕ್ಟರು ಊನದ ಸರ್ಟಿಫಿಕೇಟು ಬರೆದುಕೊಟ್ಟರು. ಆ ಅರ್ಧ ಅಂಗುಲದ ದೆಸೆಯಿಂದ 1993ರ ಯುಗಾದಿ ಹೊತ್ತಿಗೆ 12,000 ರೂಪಾಯಿ ಕೈಗೆ ಬಂತು. ಕಾಲು ಸರಿಯಾಗಿ ಕೂಡಿದ್ದರೆ ಆ ದುಡ್ಡಿಲ್ಲ! ಅಂದು ಮನೆಯಲ್ಲಿ ಹೋಳಿಗೆ ಮಾಡಿದೆವು, ಕೈಸಾಲ ಕೊಟ್ಟಿದ್ದ ಭಾವನವರಿಗೂ ಕಳಿಸಿದೆವು, ಸಾಲದ ಜೊತೆಗೆ.

ಸಾಕ್ಷಿ ಹೇಳುವ ದಿನ ಬಂತು. ಆಸ್ಪತ್ರೆಯ ಬಿಲ್ಲುಗಳಿಗೆಲ್ಲ ನಿಶಾನೆ ಪಿ-1, ಪಿ-2 ಎಂದು ನಂಬರು ಬಿತ್ತು. ರಸೀತಿಗಳ ಮೊತ್ತ 41,380 ರೂಪಾಯಿ. ಅದಕ್ಕೆ ತಕರಾರಿಲ್ಲ. ಆಮೇಲೆ ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿಗೆ ಎದ್ದರು. ಚಿಕ್ಕ ವಯಸ್ಸಿನವರು, ಸಭ್ಯಸ್ಥರೇ.

"ನೀವೇನು ಕೆಲಸ ಮಾಡ್ತೀರಮ್ಮ?"

"ಮನೆಯಲ್ಲೇ ಇರ್ತೀನಿ."

"ಅಂದರೆ ಆದಾಯ ಏನೂ ಇಲ್ಲ ಅಂತಾಯ್ತು."

"ಇಲ್ಲ."

"ಹಾಗಾದರೆ ಅಪಘಾತದಿಂದ ನಿಮಗೆ ಆದಾಯ ನಷ್ಟ ಆಗಿಲ್ಲ ಅಂದರೆ ಸರಿ ತಾನೇ?"

ನಾನು ಸರಿ ಅಂದುಬಿಟ್ಟೆ. ಕಟ್ಟೆಯಿಂದ ಇಳಿಯುವಾಗ ನೆನಪಾಯಿತು. ನಾನು ಮಲಗಿದ್ದ ಏಳು ತಿಂಗಳು ಅಡಿಗೆಗೆ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದೆವು, ತಿಂಗಳಿಗೆ ನಾನೂರು ರೂಪಾಯಿ ಮತ್ತು ಎರಡು ಹೊತ್ತಿನ ಊಟ. ಬಟ್ಟೆ ಒಗೆಯಲು ಇನ್ನೊಬ್ಬಳು. ಮಕ್ಕಳ ಪಾಠಕ್ಕೆ ಎದುರು ಮನೆಯ ಹುಡುಗಿ. ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಲು ನಮ್ಮ ಅತ್ತೆ, ಅವರಿಗಂತೂ ಸಂಬಳವೇ ಇಲ್ಲ. ಇದನ್ನೆಲ್ಲ ನಮ್ಮವರು ದಿನದಿನವೂ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ಬರೆದಿಟ್ಟಿದ್ದರು. ಗಣಿತದ ಮೇಷ್ಟ್ರು ನೋಡಿ, ಕೂಡುವ ಗೆರೆ ಕೂಡ ಅಳತೆಪಟ್ಟಿ ಇಟ್ಟೇ ಎಳೆಯುತ್ತಿದ್ದರು. ಆ ಹಾಳೆಗಳನ್ನು ನಮ್ಮ ವಕೀಲರು ಮುಂದೆ ಇಟ್ಟರು. ಸಹಿ ಇಲ್ಲ, ಮುದ್ರೆ ಇಲ್ಲ, ರಸೀತಿ ಅಲ್ಲ. ಅವಕ್ಕೆ ನಂಬರು ಬೀಳಲಿಲ್ಲ.

ನನ್ನ ಕೇಸು ನಡೆಯುತ್ತಿರುವಾಗಲೇ ಕಾನೂನು ಬದಲಾಯಿತು. 1994ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಆರು ತಿಂಗಳ ಗಡುವನ್ನು ತೆಗೆದುಹಾಕಿತು. ತಮ್ಮ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ತಪ್ಪಿಲ್ಲದ ಪರಿಹಾರ 50,000 ಮತ್ತು 25,000ಕ್ಕೆ ಏರಿತು. ಜೊತೆಗೆ ತಪ್ಪು ಸಾಬೀತು ಮಾಡದೆ ಪರಿಹಾರ ಕೇಳುವವರಿಗೆಂದು ಒಂದು ಲೆಕ್ಕದ ಪಟ್ಟಿ ಬಂತು. ವಯಸ್ಸು ಇಷ್ಟಾದರೆ, ಆದಾಯ ಇಷ್ಟಾದರೆ, ಪರಿಹಾರ ಇಷ್ಟು. ಆ ಪಟ್ಟಿಯಲ್ಲಿ ಚಿಕಿತ್ಸೆಯ ವೆಚ್ಚಕ್ಕೆ ಬಿಲ್ಲಿದ್ದರೂ 15,000 ರೂಪಾಯಿಯೇ ಮೇಲಿನ ಮಿತಿ. ನನ್ನ 41,380 ಆ ಪಟ್ಟಿಯೊಳಗೆ ಹಿಡಿಸುತ್ತಲೇ ಇರಲಿಲ್ಲ. ಸಂಪಾದನೆ ಇಲ್ಲದವರ ಆದಾಯ ವರ್ಷಕ್ಕೆ 15,000, ಸಂಪಾದನೆ ಇಲ್ಲದ ಹೆಂಡತಿಯದಾದರೆ ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿಯಬೇಕಂತೆ. ಇದನ್ನು ಓದಿ ನಾನು ನಮ್ಮವರನ್ನು, "ಏನ್ರೀ, ನಾನು ನಿಮ್ಮಲ್ಲಿ ಮೂರನೇ ಒಂದಂತೆ" ಎಂದೆ. ಅವರು ತಲೆಯೆತ್ತದೆ, "ಕ್ಯಾಲೆಂಡರು ನೋಡಿದರೆ ನಾನೇ ನಿನ್ನಲ್ಲಿ ಮೂರನೇ ಒಂದು" ಎಂದರು. ಅಂಥ ಮಾತು ಅವರ ಬಾಯಿಂದ ಬರುವುದು ವರ್ಷಕ್ಕೊಮ್ಮೆ.

ತೀರ್ಪು ಬಂದದ್ದು 1995ರ ಆಗಸ್ಟಿನಲ್ಲಿ. ಬಿಲ್ಲಿನ ಹಣ ಪೂರ್ತಿ, ನೋವಿಗೆ ಇಷ್ಟು, ಊನಕ್ಕೆ ಇಷ್ಟು ಎಂದು ಎಲ್ಲ ಸೇರಿ 86,000 ರೂಪಾಯಿ. ಅದರಲ್ಲಿ ಮೊದಲೇ ಕೊಟ್ಟ 12,000 ಕಳೆಯಬೇಕು. ಓಡಾಟ, ಪಥ್ಯದ ಆಹಾರ, ನೋಡಿಕೊಂಡವರ ಖರ್ಚು, ಮೂರಕ್ಕೂ ಸೇರಿ 3,000. ಆದಾಯ ನಷ್ಟದ ಎದುರು ಒಂದು ಅಡ್ಡಗೆರೆ. ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ. ಇಲ್ಲಿ ನಮ್ಮ ಮೇಷ್ಟ್ರು ಮತ್ತೆ ಪೆನ್ಸಿಲು ಹಿಡಿದರು. ಗಿರವಿ ಅಂಗಡಿಗೆ ನಾವು ಕೊಡುತ್ತಿದ್ದುದು ವರ್ಷಕ್ಕೆ ಇಪ್ಪತ್ತನಾಲ್ಕು, ವಿಮಾ ಕಂಪನಿ ನಮಗೆ ಕೊಟ್ಟದ್ದು ಆರು. ಲಾರಿ ಗುದ್ದಿದ ಮೇಲೆ ಆ ಕಂಪನಿಗೆ ನಾವೇ ಸಾಲ ಕೊಟ್ಟಂತಾಯಿತು, ಅದೂ ನಾವು ಸಾಲ ತಂದು! ಚೆಕ್ಕು ಕೈಗೆ ಬಂದದ್ದು 1996ರ ಸಂಕ್ರಾಂತಿಗೆ. ನಾಲ್ಕು ಬಳೆಗಳಲ್ಲಿ ಎರಡು ಬಿಡಿಸಿಕೊಂಡೆವು. ಉಳಿದೆರಡನ್ನು ಬಡ್ಡಿ ನುಂಗಿತ್ತು.

ಆಮೇಲಿನ ಬದಲಾವಣೆಗಳನ್ನು ನಾನು ಪತ್ರಿಕೆಗಳಲ್ಲಿ ಹುಡುಕಿಕೊಂಡು ಓದುತ್ತ ಬಂದೆ, ಹಳೆಯ ಊರಿನ ಸುದ್ದಿ ಕೇಳುವ ಹಾಗೆ. 1989ರಲ್ಲಿ ಜಮ್ಷೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಬಹಳ ಹೆಂಗಸರು ಮಕ್ಕಳು ತೀರಿಕೊಂಡಿದ್ದರು. ಆ ಕೇಸಿನಲ್ಲಿ, 2001ರಲ್ಲಿ, ಗೃಹಿಣಿಯ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಎಂದು ಸುಪ್ರೀಂ ಕೋರ್ಟು ಎಣಿಸಿತು. 2010ರಲ್ಲಿ ಇನ್ನೊಂದು ತೀರ್ಪಿನಲ್ಲಿ, 2001ರ ಜನಗಣತಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ಕೆಲಸವಿಲ್ಲದವರ ಸಾಲಿಗೆ ಸೇರಿಸಿದ್ದನ್ನು ನ್ಯಾಯಮೂರ್ತಿಗಳು ಬಹಳ ಖಾರವಾಗಿ ಟೀಕಿಸಿದರು. 2021ರ ತೀರ್ಪೊಂದರಲ್ಲಿ ಸರ್ಕಾರದ್ದೇ 2019ರ ಸಮೀಕ್ಷೆಯನ್ನು ಎತ್ತಿಕೊಂಡರು. ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ಗಂಡಸರು 97. ಮೂರನೇ ಒಂದು! ಪತ್ರಿಕೆಯನ್ನು ಮಡಚಿ ನಮ್ಮವರ ಮುಂದೆ ಇಟ್ಟೆ. ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಕನ್ನಡಕ ಏರಿಸಿ ಓದಿ, "ನಾನು ಆಗಲೇ ಹೇಳಿರಲಿಲ್ಲವೇ" ಎಂದರು.

ಬಿಲ್ಲಿನ ಪ್ರಶ್ನೆಗೆ ಉತ್ತರ ಮಾತ್ರ ತೀರ ಈಚಿನದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಹರೀಶ ಎಂಬ ಯುವಕನ ಮೇಲೆ ಲಾರಿ ಹರಿಯಿತು. ಆ ಸ್ಥಿತಿಯಲ್ಲೂ ಆತ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನಿಮಗೆ ನೆನಪಿರಬಹುದು. ಮುಂದಿನ ತಿಂಗಳೇ ಕರ್ನಾಟಕ ಸರ್ಕಾರ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ಆರಂಭಿಸಿತು. ನಮ್ಮ ರಾಜ್ಯದ ರಸ್ತೆಯಲ್ಲಿ ಗಾಯಗೊಂಡವರು ಯಾವ ಊರಿನವರೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರವೇ ಆಸ್ಪತ್ರೆಗೆ ಕೊಡುವುದು ಎಂದು. ಆ ವರ್ಷವೇ, ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೊಲೀಸರು ಸತಾಯಿಸಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟು ಮುದ್ರೆ ಒತ್ತಿತು. ನನ್ನ ಟೆಂಪೋದವನು ಅಂದು ನನ್ನನ್ನು ಇಳಿಸಿ, ಹೆಸರೂ ಹೇಳದೆ ಗಾಡಿ ತಿರುಗಿಸಿಕೊಂಡು ಹೋಗಿದ್ದ. ಪೊಲೀಸರ ಭಯ. ಅವನಿಗೆ ಒಂದು ಲೋಟ ನೀರೂ ಕೊಡಲಾಗಲಿಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಅಂಥದೇ ಯೋಜನೆ ಪ್ರಕಟಿಸಿತು. ಅಪಘಾತವಾದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳು ಕೈಯಿಂದ ಹಣ ಕೊಡದೆ ಚಿಕಿತ್ಸೆ. 2019ರಲ್ಲಿ ತಿದ್ದಿದ ಕಾಯ್ದೆಯಲ್ಲೇ ಈ ಮಾತು ಇತ್ತು. ಯೋಜನೆ ಮಾಡಿ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಗಡುವು ಹಾಕಬೇಕಾಯಿತು. ಪುಸ್ತಕದಲ್ಲಿ ಮಲಗುವ ಅಭ್ಯಾಸ 1939ರದ್ದು, ಇನ್ನೂ ಹೋಗಿಲ್ಲ.

ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಗಡುವನ್ನು 2022ರ ಏಪ್ರಿಲ್ 1ರಿಂದ ವಾಪಸ್ಸು ತಂದಿತು. ಅದರ ಮೇಲಿನ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಹಾಗಾಗಿ ಯಾರ ಮನೆಯಲ್ಲಾದರೂ ಇಂಥದು ನಡೆದರೆ ನಾನು ಹಣ್ಣು ತೆಗೆದುಕೊಂಡು ನೋಡಲು ಹೋದವಳು, ಎಷ್ಟು ಹೊಲಿಗೆ ಬಿತ್ತು ಎಂದು ಕೇಳುವ ಮೊದಲು ಎಫ್‌ಐಆರ್ ಪ್ರತಿ ತಂದುಕೊಂಡಿರಾ, ಗಾಯದ ಸರ್ಟಿಫಿಕೇಟು ಬರೆಸಿದಿರಾ, ಚೀಟಿಗಳನ್ನೆಲ್ಲ ಇಟ್ಟಿದ್ದೀರಾ ಎಂದು ಕೇಳುತ್ತೇನೆ. ಅಡಿಗೆಯವಳಿಗೆ ಕೊಟ್ಟ ದುಡ್ಡಿಗೂ ಅವಳ ಸಹಿ ಹಾಕಿಸಿಕೊಳ್ಳಿ ಎನ್ನುತ್ತೇನೆ. ಈ ಮುದುಕಿಗೆ ಬೇರೆ ಮಾತಿಲ್ಲವೇ ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಕಳೆದ ದೀಪಾವಳಿಗೆ ಮಗಳು ಆ ಡಬ್ಬಿಯನ್ನು ಮತ್ತೆ ಇಳಿಸಿದಳು. ನಿಶಾನೆ ನಂಬರು ಬಿದ್ದ ಬಿಲ್ಲುಗಳ ನಕಲುಗಳೆಲ್ಲ ಮಾಸಿ, ಔಷಧಿ ಅಂಗಡಿಯ ಹೆಸರು ಕೂಡ ಕಾಣುವುದಿಲ್ಲ. ಕ್ಯಾಲೆಂಡರಿನ ಹಾಳೆಗಳು ಮಾತ್ರ ಹಾಗೇ ಇವೆ, ಒಳ್ಳೆಯ ದಪ್ಪ ಕಾಗದ. 1992ರ ಜುಲೈ ಹಾಳೆಯ ಬೆನ್ನಿನಲ್ಲಿ ನಮ್ಮವರ ದುಂಡು ಅಕ್ಷರ. ಹಾಲು ಅರ್ಧ ಲೀಟರು ಹೆಚ್ಚಿಗೆ. ಆಟೋ, ಡ್ರೆಸ್ಸಿಂಗಿಗೆ, ಹೋಗಿ ಬರಲು, ಹದಿನಾರು. ಅಡಿಗೆಯವರಿಗೆ ನಾನೂರು. ಎಲ್ಲದರ ಕೆಳಗೆ, ಅಮ್ಮನಿಗೆ ಎಂದು ಬರೆದು ಎದುರಿಗೆ ಮೊತ್ತದ ಜಾಗ ಖಾಲಿ ಬಿಟ್ಟಿದ್ದಾರೆ. ಮಗಳು ಅದನ್ನು ಓದಿ, ಹಾಳೆಯನ್ನು ಮಡಚದೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.